ಒರಟು, ನುಣುಪು ಮತ್ತು ‘ಬಹುದು’: ಸ್ತನ ಇಂಪ್ಲಾಂಟ್ ಆಯ್ಕೆಯಲ್ಲಿ ಕ್ಯಾನ್ಸರ್ ಅಪಾಯದ ಅರಿವು ಮತ್ತು ಕನ್ನಡದ ವಾಕ್ಯ

ವಿಷಯ ಪ್ರವೇಶ

ನನ್ನ ಪ್ರಬಂಧದ ಹೆಸರು ನೋಡಿದವರಿಗೆ ಒಂದು ಪ್ರಶ್ನೆ ಬಂದೇ ಬಂದಿರುತ್ತೆ. ಕನ್ನಡ ಎಂ.ಎ. ಓದೋರಿಗೆ ಸ್ತನ ಇಂಪ್ಲಾಂಟಿನ ಜೊತೆ ಏನು ಕೆಲಸ? ಅದು ವೈದ್ಯರ ವಿಷಯ ಅಲ್ವಾ?

ನನ್ನ ಉತ್ತರ ಇಷ್ಟೆ. ಯಾವ ಇಂಪ್ಲಾಂಟ್ ಹಾಕಬೇಕು ಅನ್ನೋದು ವೈದ್ಯರ ವಿಷಯ. ಅದನ್ನ ಹೆಂಗಸಿಗೆ ಯಾವ ವಾಕ್ಯದಲ್ಲಿ ಹೇಳಬೇಕು ಅನ್ನೋದು ಭಾಷೆಯ ವಿಷಯ. ಸಾಹಿತ್ಯ ವಿಮರ್ಶೆ ಕಲಿಸೋದೇ ವಾಕ್ಯ ಓದೋದನ್ನ. ಯಾರು ಹೇಳ್ತಿದ್ದಾರೆ, ಯಾರಿಗೆ ಹೇಳ್ತಿದ್ದಾರೆ, ಏನನ್ನ ಬಿಟ್ಟು ಹೇಳ್ತಿದ್ದಾರೆ ಅಂತ ನಾವು ಕಥೆ, ಕವಿತೆಗಳಲ್ಲಿ ಕೇಳ್ತೀವಿ. ಅದೇ ಪ್ರಶ್ನೆಗಳನ್ನ ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ, ವೈದ್ಯರ ಮಾತಿಗೆ, ಆರೋಗ್ಯದ ಬರವಣಿಗೆಗೆ ಕೇಳಿದ್ರೆ ಏನಾಗುತ್ತೆ ಅಂತ ನೋಡೋದು ಈ ಪ್ರಬಂಧದ ಉದ್ದೇಶ.

ನಾನು ಮಾತಾಡ್ತಿರೋದು ಕೃಷ್ಣಗಿರಿ ಜಿಲ್ಲೆ ಅಂಚೆಟ್ಟಿ ತಾಲ್ಲೂಕಿನ ನಾಟ್ರಾಂಪಾಳ್ಯದಿಂದ. ಅಂಚೆಟ್ಟಿಯಿಂದ ಹೊಗೇನಕಲ್ಲಿಗೆ ಹೋಗೋ ಕಾಡುದಾರಿಯಲ್ಲಿ ಸಿಗೋ ಊರು. ನಮ್ಮ ಮನೆಮಾತು ಕನ್ನಡ. ಸರ್ಕಾರಿ ಆಸ್ಪತ್ರೆಯ ಬೋರ್ಡು ತಮಿಳು. ದೊಡ್ಡ ಕಾಯಿಲೆ ಅಂದ್ರೆ ಡೆಂಕಣಿಕೋಟೆ, ಹೊಸೂರು ದಾಟಿ ಬೆಂಗಳೂರು. ಅಲ್ಲಿ ಮಾತು ಕನ್ನಡದಲ್ಲಿ ಸಿಕ್ಕರೂ ಸಹಿ ಹಾಕೋ ಕಾಗದ ಬಹಳ ಸಲ ಇಂಗ್ಲಿಷಿನದು. ಹೀಗೆ ಮೂರು ಭಾಷೆ ದಾಟಿ ಚಿಕಿತ್ಸೆಗೆ ಹೋಗೋ ಜನರಿಗೆ ‘ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ’ ಅನ್ನೋ ಸಾಲು ಬರೀ ಔಪಚಾರಿಕ ಸಾಲಾಗಿ ಕಾಣೋದಿಲ್ಲ. ಅಲ್ಲಿಂದಲೇ ನನ್ನ ಕುತೂಹಲ ಶುರುವಾಗಿದ್ದು.

ನಾನು ವಾದಿಸೋದು ಇದನ್ನ: ಕ್ಯಾನ್ಸರ್ ಅಪಾಯದ ಅರಿವು ಶಸ್ತ್ರವೈದ್ಯರ ಆಯ್ಕೆಯನ್ನ ಖಂಡಿತ ಬದಲಾಯಿಸಿದೆ. ಆದರೆ ಆ ಅರಿವು ಹೆಂಗಸಿನ ಹತ್ತಿರ ಬರೋ ವಾಕ್ಯವನ್ನ ಇನ್ನೂ ಬದಲಾಯಿಸಿಲ್ಲ.

ಒರಟು ಮೈ ಯಾಕೆ ಬಂತು

ಮೊದಲು ವಸ್ತುವನ್ನ ಅರ್ಥ ಮಾಡ್ಕೊಳ್ಳೋಣ. ಸಿಲಿಕೋನ್ ಇಂಪ್ಲಾಂಟನ್ನ ಮೊದಲ ಸಲ ಒಬ್ಬ ಹೆಂಗಸಿಗೆ ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಹೊರಗಿನ ವಸ್ತು ಒಳಗೆ ಬಂದ್ರೆ ದೇಹ ಸುಮ್ಮನಿರೋದಿಲ್ಲ. ಅದರ ಸುತ್ತ ಗಾಯದ ಪೊರೆಯೊಂದನ್ನ ಕಟ್ಟುತ್ತೆ. ಕೆಲವರಲ್ಲಿ ಆ ಪೊರೆ ಬಿಗಿದು, ಗಟ್ಟಿಯಾಗಿ, ನೋವು ಕೊಟ್ಟು ಆಕಾರವನ್ನೇ ಕೆಡಿಸುತ್ತೆ. ನುಣುಪು ಮೈಯ ಇಂಪ್ಲಾಂಟುಗಳಲ್ಲಿ ಈ ತೊಂದರೆ ಹೆಚ್ಚಾಗಿ ಕಾಣಿಸ್ತು. ಅದಕ್ಕೆ ಪರಿಹಾರ ಅಂತ ಬಂದಿದ್ದು ಒರಟು ಮೈ.

ನಮ್ಮ ಕಡೆಯವರಿಗೆ ಇದನ್ನ ಹೇಳೋಕೆ ಬೀಸುಕಲ್ಲು ಸಾಕು. ಕಲ್ಲು ಸವೆದು ನುಣುಪಾದ್ರೆ ರಾಗಿ ಜಾರುತ್ತೆ. ಉಳಿಯಿಂದ ಕಚ್ಚು ಹಾಕಿಸಿದ್ರೆ ಹಿಡಿತ ಬರುತ್ತೆ. ಇಂಪ್ಲಾಂಟಿನ ಮೈಯಲ್ಲಿ ಸಣ್ಣ ಸಣ್ಣ ಗುಳಿಗಳಿದ್ರೆ ಸುತ್ತಲಿನ ಅಂಗಾಂಶ ಅದಕ್ಕೆ ಕಚ್ಚಿಕೊಳ್ಳುತ್ತೆ, ಪೊರೆ ಒಂದೇ ದಿಕ್ಕಿಗೆ ಬಿಗಿಯೋದು ಕಡಿಮೆಯಾಗುತ್ತೆ. ಅಲರ್ಗನ್ ಕಂಪನಿಯ ಬಯೋಸೆಲ್ ಅನ್ನೋ ಬಗೆಯಲ್ಲಿ ಸಿಲಿಕೋನ್ ಹಸಿ ಇದ್ದಾಗ ಉಪ್ಪಿನ ಹರಳು ಒತ್ತಿ, ಆಮೇಲೆ ಉಪ್ಪನ್ನ ತೊಳೆದು ಗುಳಿ ಬಿಡ್ತಿದ್ರು. ಇನ್ನೂ ಒಂದು ಕಾರಣ ಇತ್ತು. ನೀರಿನ ಹನಿಯ ಆಕಾರದ ಇಂಪ್ಲಾಂಟ್ ಒಳಗೆ ತಿರುಗಿಬಿಟ್ರೆ ಆಕಾರ ವಕ್ರವಾಗುತ್ತೆ. ಅದು ತಿರುಗದ ಹಾಗೆ ಹಿಡಿಯೋಕೆ ಒರಟು ಮೈ ಬೇಕೇ ಬೇಕು. ದುಂಡನೆಯದು ತಿರುಗಿದ್ರೂ ಗೊತ್ತಾಗೋದಿಲ್ಲ.

ಆದ್ದರಿಂದ ಒರಟು ಮೈ ಆರಿಸಿದ ವೈದ್ಯರನ್ನ ಅವಿವೇಕಿಗಳು ಅಂತ ಓದೋದು ತಪ್ಪು. ಅವರು ಒಂದು ಅಪಾಯವನ್ನ ಕಡಿಮೆ ಮಾಡೋಕೆ ಹೊರಟಿದ್ರು. ಪೊರೆ ಬಿಗಿಯೋದು ಅವರ ಕಣ್ಣೆದುರಿಗೇ, ಕೆಲವೇ ವರ್ಷಗಳಲ್ಲಿ, ಅವರದೇ ರೋಗಿಗಳಲ್ಲಿ ಕಾಣೋ ತೊಂದರೆ. ಕ್ಯಾನ್ಸರ್ ಹಾಗಲ್ಲ. ಅದು ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ ಕಳೆದ ಮೇಲೆ, ಬಹಳ ಕಡಿಮೆ ಜನರಲ್ಲಿ ಕಾಣಿಸಿಕೊಳ್ಳುತ್ತೆ, ಎಷ್ಟೋ ಸಲ ಬೇರೆ ವೈದ್ಯರ ಮುಂದೆ. ಕಣ್ಣಿಗೆ ಕಾಣೋ ಚಿಕ್ಕ ಅಪಾಯ, ಕಾಣದ ದೊಡ್ಡ ಅಪಾಯ: ಈ ಎರಡರ ನಡುವೆ ಮನುಷ್ಯರ ಆಯ್ಕೆ ಯಾವ ಕಡೆ ವಾಲುತ್ತೆ ಅನ್ನೋದು ನಮಗೆ ಗೊತ್ತಿರೋದೇ.

ಅರಿವು ನಡೆದು ಬಂದ ಇಪ್ಪತ್ತೆರಡು ವರ್ಷ

ಈ ಕ್ಯಾನ್ಸರಿನ ಹೆಸರು ಬಿಐಎ-ಎಎಲ್‌ಸಿಎಲ್. ಇದು ಸ್ತನ ಕ್ಯಾನ್ಸರ್ ಅಲ್ಲ ಅನ್ನೋದನ್ನ ಗಮನಿಸಬೇಕು. ಇದು ಲಿಂಫೋಮಾ, ಅಂದ್ರೆ ರೋಗನಿರೋಧಕ ಕಣಗಳ ಕ್ಯಾನ್ಸರ್. ಹುಟ್ಟೋ ಜಾಗ ಇಂಪ್ಲಾಂಟಿನ ಸುತ್ತಲಿನ ಪೊರೆ ಮತ್ತು ಅಲ್ಲಿ ತುಂಬಿಕೊಳ್ಳೋ ದ್ರವ.

ಇಂಪ್ಲಾಂಟ್ ಇದ್ದ ಹೆಂಗಸಿನಲ್ಲಿ ಈ ಲಿಂಫೋಮಾ ಕಂಡ ಮೊದಲ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದ್ದು 1997ರಲ್ಲಿ. ಅಮೆರಿಕದ ಎಫ್‌ಡಿಎ, ಅಂದ್ರೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ, ಸಂಬಂಧ ಇರಬಹುದು ಅಂತ ಸಾರ್ವಜನಿಕವಾಗಿ ಹೇಳಿದ್ದು 2011ರ ಜನವರಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಪ್ರತ್ಯೇಕ ರೋಗ ಅಂತ ತಾತ್ಕಾಲಿಕವಾಗಿ ಗುರುತಿಸಿದ್ದು 2016ರಲ್ಲಿ. 2018ರ ಡಿಸೆಂಬರಿನಲ್ಲಿ ಯುರೋಪಿನ ಮಾರುಕಟ್ಟೆಯಿಂದ ಅಲರ್ಗನ್‌ನ ಒರಟು ಇಂಪ್ಲಾಂಟುಗಳು ಹಿಂದೆ ಸರಿದವು. 2019ರ ಏಪ್ರಿಲಿನಲ್ಲಿ ಫ್ರಾನ್ಸ್ ಹೆಚ್ಚು ಒರಟಾದ ಬಗೆಗಳನ್ನ ನಿಷೇಧಿಸಿತು. 2019ರ ಜುಲೈ 24ರಂದು ಎಫ್‌ಡಿಎ ಕೋರಿಕೆಯ ಮೇಲೆ ಅಲರ್ಗನ್ ತನ್ನ ಬಯೋಸೆಲ್ ಇಂಪ್ಲಾಂಟುಗಳನ್ನ ಜಗತ್ತಿನಾದ್ಯಂತ ವಾಪಸ್ ಪಡೀತು. ಆ ದಿನ ಎಫ್‌ಡಿಎ ಕೊಟ್ಟ ಲೆಕ್ಕ: ಜಗತ್ತಿನಲ್ಲಿ 573 ಪ್ರಕರಣ, 33 ಸಾವು. 573ರಲ್ಲಿ 481 ಅಲರ್ಗನ್ ಇಂಪ್ಲಾಂಟಿನವು.

1997ರಿಂದ 2019. ಇಪ್ಪತ್ತೆರಡು ವರ್ಷ. ‘ಅರಿವು ಬಂತು, ಆಯ್ಕೆ ಬದಲಾಯ್ತು’ ಅಂತ ಒಂದೇ ಸಾಲಿನಲ್ಲಿ ಈ ಕಥೆ ಹೇಳೋದುಂಟು. ಆದರೆ ಇಷ್ಟು ವರ್ಷದ ನಡುವೆ ಅರಿವು ಒಂದೇ ಅಳತೆಯಲ್ಲಿ ಇರಲಿಲ್ಲ. ಪತ್ರಿಕೆ ಓದೋ ವೈದ್ಯರಿಗೆ ಮೊದಲು ಗೊತ್ತಾಯ್ತು. ಆಮೇಲೆ ಸಮ್ಮೇಳನಗಳಲ್ಲಿ ಮಾತಾಯ್ತು. ಆಮೇಲೆ ನಿಯಂತ್ರಣ ಸಂಸ್ಥೆಗಳು ಪತ್ರ ಬರೆದವು. ಕೆಲವು ವೈದ್ಯರು ಆಗಲೇ ನುಣುಪಿಗೆ ಹೊರಳಿದ್ರು. ಅಮೆರಿಕದಲ್ಲಿ ಮೊದಲಿಂದಲೂ ನುಣುಪಿನ ಬಳಕೆಯೇ ಹೆಚ್ಚು. ಯುರೋಪು, ಆಸ್ಟ್ರೇಲಿಯಾಗಳಲ್ಲಿ ಒರಟಿನದೇ ರೂಢಿ. ಒಂದೇ ವಿಜ್ಞಾನ ಓದಿದ ಜನ ಬೇರೆ ಬೇರೆ ರೂಢಿಯಲ್ಲಿ ಇದ್ರು ಅಂದ್ರೆ, ಆಯ್ಕೆಯನ್ನ ನಡೆಸೋದು ಅರಿವು ಒಂದೇ ಅಲ್ಲ. ಗುರುಗಳಿಂದ ಕಲಿತ ಕೈ, ಊರಿನ ಮಾರುಕಟ್ಟೆ, ಕೋರ್ಟಿನ ಭಯ ಇವೂ ಸೇರಿ ನಡೆಸುತ್ತವೆ.

ಇನ್ನೊಂದು ಅನುಮಾನವನ್ನೂ ಇಲ್ಲಿ ಇಡಬೇಕು. 2019ರ ನಂತರ ವೈದ್ಯರು ಬಯೋಸೆಲ್ ಬಿಟ್ರು ಅನ್ನೋದನ್ನ ಪೂರ್ತಿ ‘ಆಯ್ಕೆ’ ಅನ್ನೋಕೆ ಬರೋದಿಲ್ಲ. ಅಂಗಡಿಯಲ್ಲೇ ಇಲ್ಲದ್ದನ್ನ ಬಿಡೋದಕ್ಕೆ ವಿವೇಕ ಬೇಕಿಲ್ಲ. ನಿಜವಾದ ಆಯ್ಕೆ ನಡೆದಿದ್ದು ವಸ್ತು ಸಿಗ್ತಾ ಇದ್ದಾಗ, 2011ರಿಂದ 2019ರ ನಡುವೆ. ಆ ಎಂಟು ವರ್ಷದಲ್ಲಿ ಆಪರೇಷನ್ ಟೇಬಲ್ ಮೇಲೆ ಮಲಗಿದ ಹೆಂಗಸರಿಗೆ ಎಷ್ಟು ಗೊತ್ತಿತ್ತು ಅನ್ನೋದೇ ನನ್ನ ಮುಂದಿನ ಪ್ರಶ್ನೆ.

ಒಂದು ರೋಗ, ಎರಡು ಸಂಖ್ಯೆ

ಅಪಾಯ ಎಷ್ಟು? ಇಲ್ಲಿ ಎರಡು ಸಂಖ್ಯೆಗಳನ್ನ ಪಕ್ಕ ಪಕ್ಕ ಇಡ್ತೀನಿ.

ಅಮೆರಿಕದ ಪ್ಲಾಸ್ಟಿಕ್ ಶಸ್ತ್ರವೈದ್ಯರ ಸಂಘ ಒರಟು ಇಂಪ್ಲಾಂಟ್ ಇರೋ ಹೆಂಗಸರಿಗೆ ಕೊಟ್ಟ ಅಂದಾಜು 2,207ರಲ್ಲಿ ಒಬ್ಬರಿಂದ 86,029ರಲ್ಲಿ ಒಬ್ಬರವರೆಗೆ. ಇಂಪ್ಲಾಂಟಿನ ಬಗೆ ಬದಲಾದ ಹಾಗೆ ಅಂಕಿ ಬದಲಾಗುತ್ತೆ. ಇದರ ಆಧಾರ ದೃಢಪಟ್ಟ ಪ್ರಕರಣಗಳು ಮತ್ತು ಮಾರಾಟದ ಲೆಕ್ಕ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟ್ಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬೇರೆ ಥರ ಲೆಕ್ಕ ಮಾಡಿದ್ರು. ಒಬ್ಬರೇ ಶಸ್ತ್ರವೈದ್ಯರು ಕಾಲು ಶತಮಾನದಲ್ಲಿ ಬಯೋಸೆಲ್ ಬಗೆಯಿಂದ ಸ್ತನ ಮರುನಿರ್ಮಾಣ ಮಾಡಿದ 3,546 ಹೆಂಗಸರನ್ನ ದೀರ್ಘಕಾಲ ಹಿಂಬಾಲಿಸಿದ್ರು. ಅವರಲ್ಲಿ 10 ಮಂದಿಗೆ ಈ ಕ್ಯಾನ್ಸರ್ ಬಂದಿತ್ತು. 355ರಲ್ಲಿ ಒಬ್ಬರಿಗೆ. ಈ ಅಧ್ಯಯನ ಪ್ರಕಟವಾಗಿದ್ದು 2020ರಲ್ಲಿ.

86,029 ಎಲ್ಲಿ, 355 ಎಲ್ಲಿ! ಇದು ಯಾರೋ ಸುಳ್ಳು ಹೇಳಿದ್ದಲ್ಲ. ಒಂದು ಲೆಕ್ಕದಲ್ಲಿ ಛೇದದಲ್ಲಿ ಕೂತಿರೋದು ಮಾರಾಟವಾದ ಪೆಟ್ಟಿಗೆಗಳು. ಇನ್ನೊಂದರಲ್ಲಿ ಕೂತಿರೋದು ವರ್ಷ ವರ್ಷ ಹೆಸರಿಟ್ಟು ಕರೆದು ನೋಡಿದ ಹೆಂಗಸರು. ಪೆಟ್ಟಿಗೆಗೆ ಆಮೇಲೆ ಏನಾಯ್ತು ಅಂತ ಯಾರೂ ಕೇಳೋದಿಲ್ಲ. ಕಥನಶಾಸ್ತ್ರದಲ್ಲಿ ನಾವು ‘ದೃಷ್ಟಿಕೋನ’ ಅಂತ ಓದ್ತೀವಲ್ಲ, ಅದು ಸಂಖ್ಯೆಗೂ ಇದೆ. ಯಾರು ನಿಂತು ಎಣಿಸಿದ್ರು ಅನ್ನೋದರ ಮೇಲೆ ಅಂಕಿ ಹಿಗ್ಗುತ್ತೆ, ಕುಗ್ಗುತ್ತೆ. 86,029 ಅಂತ ಮಾತ್ರ ಕೇಳಿದ ವೈದ್ಯರು ‘ಇದು ಹೇಳುವಷ್ಟು ದೊಡ್ಡದಲ್ಲ’ ಅಂದುಕೊಳ್ಳೋದು ಸಹಜ. 355 ಅಂತ ಕೇಳಿದವರ ಕೈ ನಿಲ್ಲುತ್ತೆ. ವೈದ್ಯರ ‘ಅರಿವು’ ಅಂತ ನಾವು ಕರೆಯೋದು ಬಹುಪಾಲು ಅವರ ಕಿವಿಗೆ ಯಾವ ಅಂಕಿ ಬಿತ್ತು ಅನ್ನೋದೇ.

‘ಅಪಾಯ’ ಎಂಬ ಪದ, ‘ಬಹುದು’ ಎಂಬ ರೂಪ

ಈಗ ಕನ್ನಡಕ್ಕೆ ಬರ್ತೀನಿ. ಇಂಗ್ಲಿಷಿನ ‘ರಿಸ್ಕ್’ ಅನ್ನೋದಕ್ಕೆ ನಮ್ಮಲ್ಲಿ ನಿಂತ ಪದ ಇಲ್ಲ. ಅಪಾಯ, ಗಂಡಾಂತರ, ಸಂಭವ, ಸಾಧ್ಯತೆ ಎಲ್ಲ ಬಳಸ್ತೀವಿ. ‘ಅಪಾಯ’ ಅನ್ನೋ ಪದ ಬಾಗಿಲ ಹಾಗೆ, ತೆರೆದಿದೆ ಇಲ್ಲ ಮುಚ್ಚಿದೆ. ‘ಅಪಾಯ ಇದೆ’, ‘ಅಪಾಯ ಇಲ್ಲ’. 355ರಲ್ಲಿ ಒಂದು ಪಾಲು ಅಪಾಯ ಅನ್ನೋ ಪ್ರಯೋಗ ನಮ್ಮ ನಾಲಗೆಗೆ ಹತ್ತಿಲ್ಲ. ‘ಸಂಭವ’ಕ್ಕೆ ಅಳತೆ ಇದೆ, ಆದ್ರೆ ಅದು ಮಳೆಯ ವರದಿಯಲ್ಲಿ ಕೇಳೋ ಪದ. ಹೆಂಗಸಿನ ಎದೆಯ ಪಕ್ಕ ಅದು ತಣ್ಣಗೆ ಕೇಳಿಸುತ್ತೆ.

ಎದೆ ಅಂದೆ. ಅದೂ ಮುಖ್ಯ. ನಮ್ಮೂರಲ್ಲಿ ಹೆಂಗಸರು ಡಾಕ್ಟರ ಹತ್ತಿರ ‘ಮೊಲೆ’ ಅನ್ನೋದಿಲ್ಲ, ‘ಸ್ತನ’ ಅಂತೂ ಪುಸ್ತಕದ ಮಾತು. ‘ಎದೆಯಾಗೆ ಗಂಟು’ ಅಂತಾರೆ. ಕನ್ನಡದಲ್ಲಿ ಎದೆ ಅಂದ್ರೆ ಅಂಗವೂ ಹೌದು, ಧೈರ್ಯವೂ ಹೌದು. ಎದೆಗಾರಿಕೆ, ಎದೆಗುಂದೋದು, ಎದೆ ಒಡೆಯೋದು ಎಲ್ಲ ಅಲ್ಲೇ. ಹಾಗಾಗಿ ‘ಎದೆ ತೆಗೀತಾರಂತೆ’ ಅನ್ನೋ ಮಾತಿನಲ್ಲಿ ಎರಡು ನಷ್ಟ ಒಟ್ಟಿಗೆ ಕೇಳಿಸುತ್ತವೆ. ಆಸ್ಪತ್ರೆಯ ಬೋರ್ಡಿನಲ್ಲಿ ಕ್ಯಾನ್ಸರಿಗೆ ಇರೋದು ತಮಿಳಿನ ಪದ, ‘ಪುಟ್ರುನೋಯ್’. ತಮಿಳಿನ ‘ಪುಟ್ರು’, ನಮ್ಮ ‘ಹುತ್ತ’ ಒಂದೇ ಬೇರಿನವು. ಕನ್ನಡ, ತಮಿಳು ಎರಡೂ ಬಲ್ಲ ನಮ್ಮ ಕಡೆಯವರ ಕಿವಿಗೆ ಅದು ಹುತ್ತದ ಕಾಯಿಲೆ. ಒಳಗೊಳಗೇ ಬೆಳೆಯೋದು, ಒಳಗೆ ಏನಿದೆ ಅಂತ ಹೊರಗಿನವರಿಗೆ ಗೊತ್ತಾಗದ್ದು. ಇಷ್ಟು ಭಾರದ ಪದಗಳ ನಡುವೆ ‘ಸಣ್ಣ ಸಂಭವ’ ಅನ್ನೋ ವಿಷಯವನ್ನ ತೂರಿಸೋದು ಸುಲಭ ಅಲ್ಲ.

ನಮ್ಮ ಬೀದಿಯ ಒಬ್ಬರಿಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿದೆ. ಈಗ ಆರೋಗ್ಯವಾಗಿದ್ದಾರೆ, ಕುಪ್ಪಸದೊಳಗೆ ಹಳೇ ಹತ್ತಿ ಸೀರೆಯ ಮಡಿಕೆ ಇಟ್ಕೊಂಡು ಹೊಲಕ್ಕೆ ಹೋಗ್ತಾರೆ. ಆಪರೇಷನ್ನಿಗೆ ಮೊದಲು ತಾನು ಏನು ಕೇಳಿದೆ ಅಂತ ಅವರು ನನಗೆ ಹೇಳಿದ್ರು: ‘ಏನೂ ಆಗಾಕಿಲ್ಲ ತಾನೆ ಸಾ?’ ಡಾಕ್ಟರು, ‘ಏನೂ ಆಗಲ್ಲಮ್ಮ’. ಅಲ್ಲಿಗೆ ಮುಗೀತು. ಈ ಸಂಭಾಷಣೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಆದ್ರೆ ವ್ಯಾಕರಣ ನೋಡಿ. ‘ತಾನೆ’ ಅನ್ನೋ ಪ್ರಶ್ನೆ ಉತ್ತರವನ್ನ ತನ್ನ ಜೊತೆಯಲ್ಲೇ ಕರ್ಕೊಂಡು ಬರುತ್ತೆ. ‘ಇಲ್ಲ’ ಅನ್ನೋದನ್ನ ಬಿಟ್ಟು ಬೇರೆ ಉತ್ತರ ಕೊಟ್ರೆ ಅದು ಕ್ರೌರ್ಯದ ಹಾಗೆ ಕೇಳಿಸುತ್ತೆ. ಹೆದರಿದವರ ಪ್ರಶ್ನೆಗೂ ಸಮಾಧಾನ ಮಾಡೋರ ಉತ್ತರಕ್ಕೂ ನಡುವೆ ಅಂಕಿಗೆ ಜಾಗವೇ ಇಲ್ಲ.

ಜಾಗ ಇದೆ ಅಂತ ಕಾಣೋದು ‘ಬಹುದು’ ಅನ್ನೋ ರೂಪದಲ್ಲಿ. ‘ಕ್ಯಾನ್ಸರ್ ಬರಬಹುದು’. ಸರಿ, ಆದ್ರೆ ಈ ‘ಬಹುದು’ 355ರಲ್ಲಿ ಒಂದಕ್ಕೂ ಅದೇ, 86,029ರಲ್ಲಿ ಒಂದಕ್ಕೂ ಅದೇ. ಅದೂ ಅಲ್ದೆ ಕನ್ನಡದಲ್ಲಿ ‘ಬಹುದು’ ಎರಡು ಕೆಲಸ ಮಾಡುತ್ತೆ. ‘ಮಳೆ ಬರಬಹುದು’ ಅಂದ್ರೆ ಸಾಧ್ಯತೆ. ‘ನೀವು ಹೋಗಬಹುದು’ ಅಂದ್ರೆ ಅನುಮತಿ. ಆಸ್ಪತ್ರೆಯಲ್ಲಿ ಹೆಂಗಸರು ಕೇಳೋ ‘ಬಹುದು’ ಹೆಚ್ಚಾಗಿ ಮೊದಲನೆಯದು. ಏನೇನು ಆಗಬಹುದು ಅಂತ ಪಟ್ಟಿ ಸಿಗುತ್ತೆ. ತಾನು ಏನೇನು ಮಾಡಬಹುದು, ಯಾವುದನ್ನ ಬೇಡ ಅನ್ನಬಹುದು ಅನ್ನೋ ಎರಡನೇ ‘ಬಹುದು’ ಅಪರೂಪ. ಅಪಾಯದ ಅರಿವು ಆಯ್ಕೆ ಆಗೋದು ಮೊದಲನೇ ‘ಬಹುದು’ ಎರಡನೆಯದಾಗಿ ತಿರುಗಿದಾಗ.

‘ನಾನು’ ಎಂದು ಬರೆದವರು ಯಾರು

ಒಪ್ಪಿಗೆ ಪತ್ರವನ್ನ ಒಂದು ಪಠ್ಯ ಅಂತ ಓದೋಣ. ಅದು ಪ್ರಥಮ ಪುರುಷದ ಅಲ್ಲ, ಉತ್ತಮ ಪುರುಷದ ಬರಹ. ‘ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ. ಸಂಭವನೀಯ ತೊಡಕುಗಳನ್ನು ತಿಳಿಸಲಾಗಿದೆ. ನನ್ನ ಸಂಪೂರ್ಣ ಒಪ್ಪಿಗೆ ಇದೆ’ ಅನ್ನೋ ಮಾದರಿಯ ಸಾಲುಗಳು ನಮಗೆಲ್ಲ ಪರಿಚಿತ. ಇಲ್ಲಿ ‘ನಾನು’ ರೋಗಿ. ಆದ್ರೆ ಬರೆದವರು ಆಸ್ಪತ್ರೆ. ನಿರೂಪಕಿ ಒಬ್ಬರು, ಲೇಖಕರು ಇನ್ನೊಬ್ಬರು. ಕಾದಂಬರಿಯಲ್ಲಿ ಹೀಗಿದ್ರೆ ನಾವು ತಕ್ಷಣ ಎಚ್ಚರಾಗ್ತೀವಿ.

ಎರಡನೇದು ಕರ್ಮಣಿ ಪ್ರಯೋಗ. ‘ವಿವರಿಸಲಾಗಿದೆ’, ‘ತಿಳಿಸಲಾಗಿದೆ’. ಯಾರು ವಿವರಿಸಿದ್ರು? ಎಷ್ಟು ಹೊತ್ತು? ಏನಂತ? ಕರ್ತೃ ಮಾಯ. ಕನ್ನಡದ ಆಡುಮಾತಿನಲ್ಲಿ ನಾವು ಕರ್ಮಣಿ ಬಳಸೋದೇ ಕಡಿಮೆ. ‘ನಂಗೆ ಊಟ ಬಡಿಸಲಾಯಿತು’ ಅಂತ ಯಾರೂ ಅನ್ನೋದಿಲ್ಲ, ‘ಅತ್ತೆ ಊಟಕ್ಕೆ ಇಕ್ಕಿದ್ರು’ ಅಂತೀವಿ. ಹೊಣೆ ಯಾರದು ಅಂತ ಆಡುಗನ್ನಡ ಸಹಜವಾಗಿ ಹೇಳುತ್ತೆ. ಕಚೇರಿಯ ಕನ್ನಡ ಅದನ್ನ ಒರೆಸಿಬಿಡುತ್ತೆ.

ಕಾನೂನು ಏನು ಹೇಳುತ್ತೆ? ನಮ್ಮ ದೇಶದಲ್ಲಿ ವೈದ್ಯಕೀಯ ಒಪ್ಪಿಗೆಯ ಬಗ್ಗೆ ಮುಖ್ಯ ತೀರ್ಪು ಸಮೀರಾ ಕೊಹ್ಲಿ ಪ್ರಕರಣದ್ದು, ಸುಪ್ರೀಂ ಕೋರ್ಟ್, 2008ರ ಜನವರಿ. ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ತಪಾಸಣೆಗೆ ಅಂತ ಅರಿವಳಿಕೆ ಕೊಟ್ಟಿದ್ದಾಗ, ತಾಯಿಯ ಒಪ್ಪಿಗೆ ಪಡೆದು ಮಗಳ ಗರ್ಭಕೋಶ, ಅಂಡಾಶಯ ತೆಗೆದ ಪ್ರಕರಣ ಅದು. ವಯಸ್ಕ ರೋಗಿಯ ಬದಲು ಬೇರೆಯವರ ಒಪ್ಪಿಗೆ ಸಾಲದು, ಸಾಕಷ್ಟು ಮಾಹಿತಿ ಕೊಟ್ಟೇ ಒಪ್ಪಿಗೆ ಪಡೀಬೇಕು ಅಂತ ಕೋರ್ಟ್ ಹೇಳ್ತು. ಹೆಂಗಸರ ದೇಹದ ಮೇಲಿನ ಹಕ್ಕಿನ ದೃಷ್ಟಿಯಿಂದ ದೊಡ್ಡ ತೀರ್ಪು.

ಆದ್ರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ. ಬಹಳ ದೂರದ, ಬರೀ ಸೈದ್ಧಾಂತಿಕವಾದ ಅಪಾಯಗಳನ್ನ ವೈದ್ಯರು ವಿವರಿಸಬೇಕಿಲ್ಲ, ಅದರಿಂದ ರೋಗಿ ಹೆದರಿ ಅಗತ್ಯ ಚಿಕಿತ್ಸೆಯನ್ನೇ ನಿರಾಕರಿಸಬಹುದು ಅನ್ನೋದು ಅದರ ತಾತ್ಪರ್ಯ. ನಮ್ಮ ಆಸ್ಪತ್ರೆಗಳ ಜನಜಂಗುಳಿ ನೋಡಿದವರಿಗೆ ಇದರ ಹಿಂದಿನ ಕಾಳಜಿ ಅರ್ಥವಾಗುತ್ತೆ. ಆದರೆ 86,029ರಲ್ಲಿ ಒಂದು ‘ದೂರದ ಅಪಾಯ’, 355ರಲ್ಲಿ ಒಂದು ಹಾಗಲ್ಲ. ಯಾವ ಅಂಕಿಯನ್ನ ನಂಬ್ತೀವೋ ಅದರ ಮೇಲೆ ಹೇಳೋ ಹೊಣೆ ಹುಟ್ಟುತ್ತೆ ಅಥವಾ ಸಾಯುತ್ತೆ. ಅಲ್ಲದೆ ಇಂಪ್ಲಾಂಟ್ ಪ್ರಾಣ ಉಳಿಸೋ ಚಿಕಿತ್ಸೆ ಅಲ್ಲ, ಬೇಡ ಅಂದ್ರೂ ಬದುಕು ನಡೆಯುತ್ತೆ. ಹೆದರಿ ನಿರಾಕರಿಸ್ತಾರೆ ಅನ್ನೋ ವಾದ ಇಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲೋದಿಲ್ಲ.

ಅಮೆರಿಕ 2021ರ ಅಕ್ಟೋಬರಿನಲ್ಲಿ ಬೇರೆ ದಾರಿ ಹಿಡೀತು. ಇಂಪ್ಲಾಂಟ್ ಜೊತೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಇರಬೇಕು, ಹೆಂಗಸು ಒಂದೊಂದು ಅಪಾಯವನ್ನೂ ಓದಿ ಗುರುತು ಹಾಕೋ ಪಟ್ಟಿ ಇರಬೇಕು, ಅದನ್ನ ಕೊಡೋ ವೈದ್ಯರಿಗೆ ಮಾತ್ರ ಮಾರಾಟ ಅಂತ ನಿಯಮ ಮಾಡಿದ್ರು. ಇಲ್ಲಿ ವೈದ್ಯರೂ ಸಹಿ ಹಾಕಬೇಕು. ವಾಕ್ಯಕ್ಕೆ ಕರ್ತೃ ವಾಪಸ್ ಬಂದ ಹಾಗೆ. ಆದ್ರೆ ಉದ್ದನೆಯ ಪಟ್ಟಿ ಓದಿ ಸಹಿ ಹಾಕೋದು ಅಕ್ಷರಸ್ಥರ ಆಚರಣೆ. ಹೆಬ್ಬೆಟ್ಟಿನ ಊರಿಗೆ ಪಟ್ಟಿ ಸಾಲದು, ಮಾತು ಬೇಕು.

ಸೌಂದರ್ಯವೋ ಅಗತ್ಯವೋ ಎಂಬ ಜಗಳ

‘ಇದೆಲ್ಲ ಬಡವರ ಊರಿಗೆ ಬರೋ ವಿಷಯವೇ ಅಲ್ಲ’ ಅನ್ನೋರಿಗೆ ನಮ್ಮ ತಮಿಳುನಾಡಿನದೇ ಉದಾಹರಣೆ ಇದೆ. 2018ರ ಫೆಬ್ರವರಿಯಲ್ಲಿ ಚೆನ್ನೈನ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಉಚಿತ ಸ್ತನ ಶಸ್ತ್ರಚಿಕಿತ್ಸೆಯ ಕ್ಲಿನಿಕ್ ಶುರುವಾಯ್ತು. ಉದ್ಘಾಟಿಸಿದವರು ಆಗಿನ ಆರೋಗ್ಯ ಸಚಿವ ಸಿ. ವಿಜಯಭಾಸ್ಕರ್. ಚೆಂದದ ಚಿಕಿತ್ಸೆ ಬಡವರಿಗೆ ಯಾಕೆ ಸಿಗಬಾರದು ಅನ್ನೋದು ಅವರ ಪ್ರಶ್ನೆ. ಜೀವ ಉಳಿಸೋ ಚಿಕಿತ್ಸೆಗೆ ಮೊದಲು ದುಡ್ಡು ಹಾಕಿ ಅನ್ನೋದು ಟೀಕಾಕಾರರ ಮಾತು. ನಾನು ಓದಿದ ಸುದ್ದಿಗಳಲ್ಲಿ ಜಗಳ ಇದರ ಸುತ್ತಲೇ ಇತ್ತು: ಇದು ಸೌಂದರ್ಯವೋ, ಅಗತ್ಯವೋ?

ಎರಡೂ ಪಕ್ಷದವರು ಕೇಳದ ಪ್ರಶ್ನೆ ನನ್ನದು. ಕೊಡೋದಾದ್ರೆ ಯಾವುದನ್ನ, ಏನು ಹೇಳಿ ಕೊಡ್ತೀರಿ? ಆ ಕ್ಲಿನಿಕ್ ಶುರುವಾಗಿ ಹದಿನೇಳು ತಿಂಗಳಿಗೆ ಬಯೋಸೆಲ್ ವಾಪಸ್ ಆಯ್ತು. ಹಕ್ಕು ಅಂತ ವಾದಿಸೋರು ವಸ್ತುವಿನ ಹಕ್ಕನ್ನ ಮಾತ್ರ ಕೇಳಿದ್ರು, ಮಾಹಿತಿಯ ಹಕ್ಕನ್ನ ಕೇಳಲಿಲ್ಲ. ಐಷಾರಾಮಿ ಅಂತ ಬೈದವರು, ಸ್ತನ ಕಳಕೊಂಡ ಹೆಂಗಸಿಗೆ ಮರುನಿರ್ಮಾಣ ಅನ್ನೋದು ಚಿಕಿತ್ಸೆಯ ಭಾಗ ಅನ್ನೋದನ್ನ ಮರೆತ್ರು. ಭಾರತದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣೋ ಕ್ಯಾನ್ಸರ್ ಸ್ತನದ್ದೇ. 2022ರ ಜಾಗತಿಕ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 1.9 ಲಕ್ಷ ಹೊಸ ಪ್ರಕರಣ. ಇದು ನಮ್ಮೂರಿಂದ ದೂರದ ವಿಷಯ ಅಲ್ಲ.

‘ಕೇಳು’ ಎಂದ ಪರಂಪರೆ

ಹಾಗಾದ್ರೆ ಕನ್ನಡದಲ್ಲಿ ಈ ಮಾತು ಆಡೋಕೆ ಆಗೋದಿಲ್ವಾ? ಆಗುತ್ತೆ. ನಮಗೆ ಪರಂಪರೆಯೇ ಇದೆ.

ವೈದ್ಯೆ, ಕಾದಂಬರಿಗಾರ್ತಿ ಅನುಪಮಾ ನಿರಂಜನ ಅವರ ಆರೋಗ್ಯ ಪುಸ್ತಕಗಳ ಹೆಸರು ನೋಡಿ: ‘ತಾಯಿ ಮಗು’, ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’. ಹೆಸರಿನಲ್ಲೇ ಎದುರಿಗೆ ಒಬ್ಬಳು ಕೂತಿದ್ದಾಳೆ. ‘ಕೇಳು’ ಅನ್ನೋದು ಮಧ್ಯಮ ಪುರುಷದ ಕ್ರಿಯಾಪದ. ಹೇಳೋರು ಇದ್ದಾರೆ, ಕೇಳೋಳು ಇದ್ದಾಳೆ, ಕರ್ಮಣಿ ಇಲ್ಲ. ವೈದ್ಯಕೀಯ ಜ್ಞಾನವನ್ನ ಮನೆಮಾತಿಗೆ ಇಳಿಸಬಹುದು ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅನುಪಮಾ 1991ರಲ್ಲಿ ತೀರಿಕೊಂಡಿದ್ದು ಕ್ಯಾನ್ಸರಿನಿಂದ.

ಆದ್ರೆ ವಿಮರ್ಶೆ ಇಲ್ಲೂ ಬೇಕು. ‘ಕಿವಿಮಾತು’ ಅನ್ನೋದರಲ್ಲಿ ಪ್ರೀತಿ ಇದೆ, ಜೊತೆಗೆ ಅಧಿಕಾರವೂ ಇದೆ. ತಿಳಿದವರು ಹೇಳ್ತಾರೆ, ತಿಳಿಯದವಳು ಕೇಳ್ತಾಳೆ. ‘ಹೀಗೆ ಮಾಡು’ ಅನ್ನೋ ಸಲಹೆಗೆ ಆ ರೂಪ ಚೆನ್ನಾಗಿ ಒಗ್ಗುತ್ತೆ. ‘ಹೀಗೂ ಇದೆ, ಹಾಗೂ ಇದೆ, ನೀನೇ ನಿರ್ಧರಿಸು’ ಅನ್ನೋದಕ್ಕೆ ಇನ್ನೊಂದು ದನಿಯೂ ಬೇಕು. ಅದು ಹಾಸಿಗೆಯ ಮೇಲಿನಿಂದ ಬರೋ ದನಿ. ಸ್ತನ ಕ್ಯಾನ್ಸರಿನ ತಮ್ಮ ಅನುಭವವನ್ನ ಭಾರತಿ ಬಿ.ವಿ. ‘ಸಾಸಿವೆ ತಂದವಳು’ ಅಂತ ಬರೆದಾಗ ಕನ್ನಡದಲ್ಲಿ ಆ ‘ನಾನು’ ಸಿಕ್ಕಿತು. ಒಪ್ಪಿಗೆ ಪತ್ರದ ‘ನಾನು’ ಎರವಲು. ಈ ‘ನಾನು’ ಸ್ವಂತದ್ದು. ಅಮೆರಿಕದ ಕವಿ ಆಡ್ರೆ ಲಾರ್ಡ್ 1980ರ ‘ದ ಕ್ಯಾನ್ಸರ್ ಜರ್ನಲ್ಸ್’ನಲ್ಲಿ ಕೃತಕ ಸ್ತನವನ್ನ ಬೇಡ ಅಂದ ಕಾರಣಗಳನ್ನ ಬರೆದ್ರು. ಯಾರ ಕಣ್ಣಿನ ನೆಮ್ಮದಿಗೆ ನಾನಿದನ್ನ ಹಾಕ್ಕೋಬೇಕು ಅನ್ನೋದು ಅವರ ಪ್ರಶ್ನೆ. ಬೇಕು ಅನ್ನೋ ಹೆಂಗಸಿನ ಆಸೆಯನ್ನ ನಾನು ಕಡಿಮೆ ಅಂತ ಹೇಳೋದಿಲ್ಲ. ಬೇಡ ಅನ್ನೋ ವಾಕ್ಯವೂ ಅದೇ ಕಾಗದದಲ್ಲಿ ಇರಬೇಕು ಅಂತೀನಿ.

ಒಂದು ಮಾದರಿ

ಬರೀ ಟೀಕೆ ಮಾಡಿ ಬಿಡೋದು ಸರಿಯಲ್ಲ ಅಂತ ಒಂದು ಪ್ರಯತ್ನ ಮಾಡಿದ್ದೀನಿ. ವೈದ್ಯರು ಹೆಂಗಸಿನ ಎದುರು ಕೂತು ಹೇಳೋ ಹಾಗೆ:

‘ಅಮ್ಮಾ, ಇದರಲ್ಲಿ ಎರಡು ಬಗೆ ಇದೆ. ಒಂದರ ಮೈ ಒರಟು, ಒಂದರದು ನುಣುಪು. ಒರಟಿನದು ಹಾಕಿಸಿಕೊಂಡವರಲ್ಲಿ ಕೆಲವರಿಗೆ, ಎಷ್ಟೋ ವರ್ಷದ ಮೇಲೆ, ಸುತ್ತಲಿನ ಪೊರೆಯಲ್ಲಿ ಒಂಥರಾ ಕ್ಯಾನ್ಸರ್ ಬಂದಿದೆ. ಒಂದು ಆಸ್ಪತ್ರೆಯ ಲೆಕ್ಕದಲ್ಲಿ 355 ಜನಕ್ಕೆ ಒಬ್ಬರು. ಬೇರೆ ಲೆಕ್ಕಗಳಲ್ಲಿ ಸಾವಿರಾರು ಜನಕ್ಕೆ ಒಬ್ಬರು. ಅದಕ್ಕೇ ನಾನು ನುಣುಪಿನದು ಹಾಕೋಣ ಅಂತಿದ್ದೀನಿ. ಅದರಲ್ಲಿ ಪೊರೆ ಬಿಗಿಯೋ ತೊಂದರೆ ಸ್ವಲ್ಪ ಹೆಚ್ಚು. ನಿಮ್ಮದೇ ಹೊಟ್ಟೆಯ, ಬೆನ್ನಿನ ಮಾಂಸದಿಂದಲೂ ಕಟ್ಟಿಸಿಕೊಳ್ಳಬಹುದು. ಏನೂ ಬೇಡ ಅಂತಲೂ ಇರಬಹುದು. ಒಳಗೆ ಇಟ್ಟಿದ್ದು ಯಾವುದು ಅಂತ ಈ ಕಾರ್ಡಿನಲ್ಲಿದೆ, ರೇಷನ್ ಕಾರ್ಡಿನ ಜೊತೆ ಇಡಿ. ವರ್ಷಗಳಾದ ಮೇಲೆ ಒಂದು ಕಡೆ ನೀರು ತುಂಬಿದ ಹಾಗೆ ಊದಿದ್ರೆ ಕಾಯಬೇಡಿ, ಬನ್ನಿ. ಬೇಗ ಗೊತ್ತಾದ್ರೆ ಪೊರೆಸಮೇತ ತೆಗೆದು ಹೆಚ್ಚಿನವರನ್ನ ಗುಣ ಮಾಡ್ತೀವಿ.’

ಓದೋಕೆ ಎರಡು ನಿಮಿಷವೂ ಬೇಡ. ಇದರಲ್ಲಿ ಹೇಳೋ ‘ನಾನು’ ಇದ್ದಾರೆ, ಕೇಳೋ ‘ನೀವು’ ಇದ್ದಾರೆ. ಅಂಕಿ ಇದೆ, ಅದು ಯಾರ ಲೆಕ್ಕ ಅಂತಲೂ ಇದೆ. ಎರಡನೇ ‘ಬಹುದು’ ಎರಡು ಸಲ ಬಂದಿದೆ. ತಮಿಳಿನಲ್ಲೂ ತೆಲುಗಿನಲ್ಲೂ ಇಷ್ಟೇ ಸುಲಭವಾಗಿ ಹೇಳಬಹುದು. ಒಪ್ಪಿಗೆ ಪತ್ರಗಳನ್ನ ಸಂಗ್ರಹಿಸಿ ಓದೋ ಕೆಲಸ ಕನ್ನಡ ವಿಭಾಗಗಳ ಸಂಶೋಧನೆಯ ಭಾಗ ಆಗಬೇಕು, ಶಾಸನ, ಹಸ್ತಪ್ರತಿ ಓದಿದಷ್ಟೇ ಶ್ರದ್ಧೆಯಿಂದ. ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ.

ಸಂವಾದ

ಮಂಡನೆಯ ನಂತರ ಎರಡು ಪ್ರಶ್ನೆ ಬಂದವು. ಅಧ್ಯಾಪಕರೊಬ್ಬರು ಕೇಳಿದ್ದು: ವೈದ್ಯರೇ ನುಣುಪನ್ನ ಆರಿಸಿದ ಮೇಲೆ ಒರಟಿನ ಕಥೆ ಹೇಳಿ ಹೆದರಿಸೋದು ಯಾಕೆ?

ನನ್ನ ಉತ್ತರ: ಹಿಂದೆ ಒರಟಿನದು ಹಾಕಿಸಿಕೊಂಡವರು ಈಗಲೂ ನಮ್ಮ ನಡುವೆ ಇದ್ದಾರೆ. ತೊಂದರೆ ಇಲ್ಲದವರು ಸುಮ್ಮನೆ ತೆಗೆಸಿಕೊಳ್ಳಬೇಕಿಲ್ಲ ಅಂತ ಎಫ್‌ಡಿಎ 2019ರಲ್ಲೇ ಹೇಳಿದೆ. ಆದ್ರೆ ಊತ ಬಂದಾಗ ಅದು ಏನಿರಬಹುದು ಅಂತ ಅವರಿಗೆ ಗೊತ್ತಿರಬೇಕು. ವೈದ್ಯರ ಅರಿವು ಮುಂದೆ ಬರೋ ಹೆಂಗಸನ್ನ ಕಾಪಾಡುತ್ತೆ. ಈಗಾಗಲೇ ಹಾಕಿಸಿಕೊಂಡವಳನ್ನ ಕಾಪಾಡೋದು ಅವಳದೇ ಅರಿವು.

ಸಹಪಾಠಿಯೊಬ್ಬರು ಕೇಳಿದ್ದು: 355 ಅಂತ ಹೇಳಿದ್ರೆ ನಮ್ಮೂರ ಹೆಂಗಸಿಗೆ ಅರ್ಥ ಆಗುತ್ತಾ?

ನಾನು ಹೇಳಿದ್ದು: ಚೀಟಿ ಹಾಕೋ, ಸಂಘದ ಸಾಲಕ್ಕೆ ಬಡ್ಡಿ ಕಟ್ಟೋ, ಹೊಲಕ್ಕೆ ಆನೆ ಯಾವ ರಾತ್ರಿ ಬರುತ್ತೆ ಅಂತ ಅಂದಾಜು ಹಾಕಿ ಕಾವಲು ಕೂರೋ ಹೆಂಗಸರು ನಮ್ಮವರು. ಸಂಭವದ ಲೆಕ್ಕ ಅವರಿಗೆ ದಿನದ ಬದುಕು. ‘ಅಂಚೆಟ್ಟಿ ಸಂತೆಯಲ್ಲಿ 355 ಹೆಂಗಸರು ಕಂಡ್ರೆ ಅವರಲ್ಲಿ ಒಬ್ಬಳಿಗೆ’ ಅಂತ ಹೇಳಿ ನೋಡಿ. ಆಮೇಲೆ ಅವರು ಕೇಳೋ ಪ್ರಶ್ನೆಗೆ ಉತ್ತರ ಸಿದ್ಧ ಮಾಡ್ಕೊಳ್ಳಿ.